ಮಗು ಯಾರ ಪಾಲಿಗೆ?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಕಣ್ಣಾರೆ ಕಾಣಲು ದೂರ ಹೋಗಬೇಕಿಲ್ಲ. ಭಾನುವಾರ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಬಂದರೆ ಸಾಕು. ಬೇಕರಿ ಮುಂದಿನ ಬೆಂಚಿನ ಈ ತುದಿಗೆ ತಾಯಿ, ಆ ತುದಿಗೆ ತಂದೆ, ನಡುವೆ ಬಿಸ್ಕತ್ತಿನ ಪೊಟ್ಟಣ ಹಿಡಿದ ಮಗು. ಸಂಜೆ ಬಸ್ಸಿನ ಹೊತ್ತಿಗೆ ಮಗುವನ್ನು ವಾಪಸು ಒಪ್ಪಿಸಬೇಕು. ಇಬ್ಬರಿಗೂ ಮಾತಿಲ್ಲ. ಅಂಗಡಿಯವರು ನೋಡಿಯೂ ನೋಡದವರಂತೆ ವ್ಯಾಪಾರ ಮಾಡಿಕೊಂಡಿರುತ್ತಾರೆ.

ಇದಾದರೂ ಮರ್ಯಾದೆಯ ದಾರಿ. ಶಾಲೆ ಗೇಟಿನಿಂದಲೇ ಮಗುವನ್ನು ಎತ್ತಿಕೊಂಡು ಹೋಗಿ ನೆಂಟರ ಮನೆಯಲ್ಲಿ ಬಚ್ಚಿಡುವವರಿದ್ದಾರೆ. "ಕೇಸು ವಾಪಸ್ ತಗೋ, ಆಮೇಲೆ ಮಗು ಮುಖ ತೋರಿಸ್ತೀನಿ" ಎಂದು ಒಂದು ಕಡೆಯವರು. "ದುಡ್ಡು ಕಟ್ಟೋವರೆಗೂ ನೋಡೋ ಹಾಗಿಲ್ಲ" ಎಂದು ಇನ್ನೊಂದು ಕಡೆಯವರು. ಊರ ಹಿರಿಯರ ಪಂಚಾಯ್ತಿಯದಂತೂ ಬೇರೆಯೇ ಲೆಕ್ಕ: ಗಂಡು ಅಪ್ಪನಿಗೆ, ಹೆಣ್ಣು ಅವ್ವನಿಗೆ. ಹೊಲ ಭಾಗ ಮಾಡಿದಷ್ಟೇ ಸಲೀಸು! ಅಣ್ಣ ತಂಗಿ ಬೇರೆಯಾದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕಾನೂನು ಹೀಗೆ ಹೇಳುವುದಿಲ್ಲ. ವಕೀಲರು ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಎನ್ನುವ 1890ರ ಕಾಯ್ದೆ ಎಲ್ಲ ಮತದವರಿಗೂ ಉಂಟು. ಹಿಂದೂಗಳಿಗೆ 1956ರ ಇನ್ನೊಂದು ಕಾಯ್ದೆಯಿದ್ದು, ಅದರ 13ನೇ ಕಲಮಿನ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ಮಕ್ಕಳು ತಂದೆ ತಾಯಿಯ ಸ್ವತ್ತೂ ಅಲ್ಲ, ಆಟದ ಸಾಮಾನೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ.

ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಕಾಯ್ದೆ ಹೇಳುತ್ತದೆ, ನಿಜ. ಆದರೆ ಐದು ತುಂಬಿದ ಮರುದಿನವೇ "ಮಗು ಕೊಡು" ಎಂದು ಬಾಗಿಲು ಬಡಿಯಲು ಯಾರಿಗೂ ಪರವಾನಗಿ ಇಲ್ಲ. ಮಗುವಿನ ಓದು, ಆರೋಗ್ಯ, ಇದುವರೆಗೆ ನೋಡಿಕೊಂಡವರು ಯಾರು ಎಂಬುದನ್ನೆಲ್ಲ ನ್ಯಾಯಾಧೀಶರು ತೂಗುತ್ತಾರೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು. ಹೆಚ್ಚು ಸಂಪಾದನೆ ಇದ್ದವರಿಗೇ ಮಗು ಎಂಬ ನಿಯಮವಿಲ್ಲ. ಪರಿಸ್ಥಿತಿ ಬದಲಾದರೆ ಆಜ್ಞೆಯನ್ನೂ ಬದಲಾಯಿಸಬಹುದು.

ಮದುವೆಯಾಗದೆ ಹುಟ್ಟಿದ ಮಗುವಿಗೆ ಅದೇ ಕಾಯ್ದೆಯಂತೆ ತಾಯಿಯೇ ಮೊದಲ ಪಾಲಕಿ, ಆಮೇಲೆ ತಂದೆ. ಅವಿವಾಹಿತ ತಾಯಿ ಪಾಲಕತ್ವ ಕೇಳುವಾಗ ತಂದೆಯ ಹೆಸರು ಹೇಳಲೇಬೇಕೆಂದು ಒತ್ತಾಯಿಸಬಾರದೆಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪಿತ್ತಿತು. ಹಾಗೆಂದು ತಾಳಿ ಕಟ್ಟಲಿಲ್ಲ ಎಂದ ಮಾತ್ರಕ್ಕೆ ತಂದೆಯ ಹೊಣೆ ಕಳಚುವುದಿಲ್ಲ. ಅಂಥ ಮಗುವಿಗೂ ಜೀವನಾಂಶ ಕೇಳುವ ಹಕ್ಕಿದೆ.

ಕಾಯ್ದೆ ಇಷ್ಟು ಚೆನ್ನಾಗಿದ್ದರೂ ಮಗುವಿಗೆ ಮುಳುವಾಗುವುದು ವಾಯಿದೆ. ನಾಲ್ಕು ವರ್ಷದ ಮಗುವಿನ ಕೇಸು ಎರಡು ವರ್ಷ ಎಳೆದರೆ ಅದು ಮಗು ಬದುಕಿದ ಬದುಕಿನ ಅರ್ಧ. ಅಷ್ಟರಲ್ಲಿ ಮಗು ತನ್ನನ್ನು ಇಟ್ಟುಕೊಂಡವರಿಗೇ ಒಗ್ಗಿರುತ್ತದೆ, ಇನ್ನೊಬ್ಬರ ಮುಖ ಮರೆತಿರುತ್ತದೆ. "ಮಗು ನಮ್ಮಲ್ಲೇ ಹೊಂದಿಕೊಂಡಿದೆ ಸ್ವಾಮಿ" ಎಂದು ಎತ್ತಿಕೊಂಡು ಹೋದವರೇ ಕೋರ್ಟಿನಲ್ಲಿ ಹೇಳುವಂತಾಗುತ್ತದೆ. ತಡವಾದಷ್ಟೂ ಕಸಿದುಕೊಂಡವರಿಗೇ ಲಾಭ.

ಆಗಬೇಕಾದ್ದು ದೊಡ್ಡ ಕೆಲಸವೇನಲ್ಲ. ತೀರ್ಪು ಬರುವವರೆಗೆ ಮಗುವನ್ನು ಯಾವ ದಿನ, ಎಲ್ಲಿ ಭೇಟಿ ಮಾಡಬೇಕೆಂಬ ಮಧ್ಯಂತರ ಆಜ್ಞೆಯನ್ನು ವಕೀಲರು ಮೊದಲ ವಾಯಿದೆಗೇ ಕೇಳಬೇಕು. ಜೀವನಾಂಶದ ತಕರಾರನ್ನು ಭೇಟಿಗೆ ಗಂಟು ಹಾಕಬಾರದು. ಬೇಡಿ ಹಾಕಿದವರು ಓಡಾಡುವ ಕೋರ್ಟಿನ ಮೊಗಸಾಲೆಯಲ್ಲಿ ಮಗು ತಂದೆಯನ್ನೋ ತಾಯಿಯನ್ನೋ ಕಾಣಬೇಕೆ? ಚಾಪೆ, ಕುಡಿಯುವ ನೀರು, ನಾಲ್ಕು ಆಟದ ಸಾಮಾನು ಇರುವ ಒಂದು ಕೋಣೆ, ಇಲ್ಲದ ಕಡೆಗಳಲ್ಲಿ ಕೂಡಲೇ ಆಗಬೇಕು.

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವ ತಾಯಂದಿರು ತಿಳಿಯಬೇಕಾದ ಸಂಗತಿ ಒಂದಿದೆ. 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ವರಮಾನ ಎಷ್ಟಿದ್ದರೂ ಕಾನೂನು ನೆರವು ಪುಕ್ಕಟೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರಾಯಿತು. ಹಿರಿಯರು ಮಕ್ಕಳನ್ನು ಹಂಚುವುದು ಬಿಟ್ಟು ಆ ಬಾಗಿಲು ತೋರಿಸಿದರೆ ಪುಣ್ಯ ಬರುತ್ತದೆ.

ಗಂಡ ಹೆಂಡಿರ ಸಂಬಂಧವನ್ನು ಕೋರ್ಟು ಮುಗಿಸಬಹುದು. ಅಪ್ಪ ಅಮ್ಮ ಎಂಬ ಸಂಬಂಧ ಮಾತ್ರ ಮಗು ಇರುವಷ್ಟು ಕಾಲ ಇರುವಂಥದು. ಬೆಂಚಿನ ಎರಡು ತುದಿಯಲ್ಲಿ ಕೂತವರು ಇಷ್ಟನ್ನು ನೆನಪಿಟ್ಟರೆ ನಡುವೆ ಕೂತ ಕೂಸು ಬಡವಾಗದು.