ಪೇಟೆಂಟ್ ಎಣಿಸಿದರೆ ಸಾಲದು, ಕುಲುಮೆ ಉರಿಯಬೇಕು

2024ರ ಮಾರ್ಚ್ ತಿಂಗಳ ನಡುವೆ ಪೇಟೆಂಟ್‌ಗೆ ಸಂಬಂಧಿಸಿದ ಎರಡು ಸುದ್ದಿಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಹಿಂದಿನ ಒಂದು ವರ್ಷದಲ್ಲಿ ಭಾರತದ ಪೇಟೆಂಟ್ ಕಚೇರಿಯು ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್‌ಗಳನ್ನು ನೀಡಿದೆ ಎಂಬುದು ಮೊದಲನೆಯದು. ಅದಕ್ಕೆ ದೊರೆತ ಪ್ರಚಾರ ಸಹಜವೇ ಆಗಿತ್ತು. ಎರಡನೆಯದು ಪೇಟೆಂಟ್ ನಿಯಮಗಳ ತಿದ್ದುಪಡಿ. ಪೇಟೆಂಟ್ ಪಡೆದವರು ತಮ್ಮ ಆವಿಷ್ಕಾರವನ್ನು ಈ ದೇಶದಲ್ಲಿ ಬಳಕೆಗೆ ತಂದಿದ್ದಾರೆಯೇ ಇಲ್ಲವೇ ಎಂಬುದನ್ನು ಅದುವರೆಗೆ ಪ್ರತಿವರ್ಷವೂ ನಮೂನೆ 27ರಲ್ಲಿ ತಿಳಿಸಬೇಕಾಗಿತ್ತು. ಇನ್ನು ಮುಂದೆ ಮೂರು ವರ್ಷಕ್ಕೊಮ್ಮೆ ತಿಳಿಸಿದರೆ ಸಾಕು ಎಂದಾಯಿತು. ಈ ಎರಡನೆಯ ಸುದ್ದಿಯನ್ನು ಗಮನಿಸಿದವರು ವಿರಳ.

ಎಷ್ಟು ಕೊಟ್ಟೆವು ಎಂಬುದನ್ನು ಹೆಮ್ಮೆಯಿಂದ ಎಣಿಸುವ ನಾವು, ಕೊಟ್ಟದ್ದು ಏನಾಯಿತು ಎಂದು ಕೇಳುವುದನ್ನು ಕಡಿಮೆ ಮಾಡಿಕೊಂಡೆವು. ಬದುಕಿನ ಬಹುಭಾಗವನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಈ ರೋಗದ ಪರಿಚಯ ಚೆನ್ನಾಗಿಯೇ ಇದೆ. ಮಂಜೂರಾದ ಕೊಳವೆ ಬಾವಿಗಳ ಸಂಖ್ಯೆ ಪ್ರಗತಿ ವರದಿಯಲ್ಲಿರುತ್ತದೆ. ನೀರು ಬಂದ ಬಾವಿಗಳ ಸಂಖ್ಯೆಯನ್ನು ಹುಡುಕಬೇಕಾಗುತ್ತದೆ.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಪೇಟೆಂಟ್ ಎಂಬುದು ಬಹುಮಾನವಲ್ಲ, ಒಂದು ಕರಾರು. ಆವಿಷ್ಕಾರಕನು ತನ್ನ ಗುಟ್ಟನ್ನು ಸಮಾಜದ ಮುಂದೆ ಬಿಚ್ಚಿಡುತ್ತಾನೆ. ಅದಕ್ಕೆ ಪ್ರತಿಯಾಗಿ ಸಮಾಜವು 20 ವರ್ಷಗಳ ಕಾಲ ಅದರ ಮೇಲೆ ಅವನಿಗೆ ಏಕಸ್ವಾಮ್ಯ ನೀಡುತ್ತದೆ. ಏಕಸ್ವಾಮ್ಯವೆಂದರೆ ಬಳಕೆದಾರನು ಹೆಚ್ಚಿನ ಬೆಲೆ ತೆರುತ್ತಾನೆ ಎಂದೇ ಅರ್ಥ. ಆ ಭಾರವನ್ನು ಸಮಾಜ ಹೊರುವುದು ವಸ್ತುವೋ ವಿಧಾನವೋ ನಿಜವಾಗಿ ಕಾರ್ಖಾನೆಗೆ ಬಂದೀತೆಂಬ ನಂಬಿಕೆಯಿಂದ. ನಮ್ಮ ಪೇಟೆಂಟ್ ಕಾಯ್ದೆಯ 83ನೇ ಕಲಮು ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ಆವಿಷ್ಕಾರವು ಭಾರತದಲ್ಲಿ ವಾಣಿಜ್ಯ ಪ್ರಮಾಣದಲ್ಲಿ ಬಳಕೆಯಾಗಬೇಕು, ಕೇವಲ ಆಮದಿನ ಏಕಸ್ವಾಮ್ಯವನ್ನು ಅನುಭವಿಸಲು ಪೇಟೆಂಟ್ ಕೊಡುವುದಿಲ್ಲ. ಈ ಮಾತು ಕಾಯ್ದೆಗೆ ಸುಮ್ಮನೆ ಬಂದುದಲ್ಲ. 1957ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಸಲ್ಲಿಸಿದ ವರದಿಯ ಪ್ರಕಾರ ಭಾರತದ ಪೇಟೆಂಟ್‌ಗಳಲ್ಲಿ ಶೇ 80ರಿಂದ 90ರಷ್ಟು ವಿದೇಶೀಯರ ಕೈಯಲ್ಲಿದ್ದವು. ಅವುಗಳಲ್ಲಿ ಶೇ 90ಕ್ಕೂ ಹೆಚ್ಚಿನವು ಈ ನೆಲದಲ್ಲಿ ಬಳಕೆಗೇ ಬಂದಿರಲಿಲ್ಲ. ಆ ವರದಿಯ ಬೆಳಕಿನಲ್ಲಿ ರೂಪುಗೊಂಡದ್ದು 1970ರ ಕಾಯ್ದೆ.

ಅಂದು ಪೇಟೆಂಟ್‌ಗಳು ಪರರ ಕೈಯಲ್ಲಿ ನಿದ್ರಿಸುತ್ತಿದ್ದವು. ಇಂದು ನಮ್ಮವೇ ನಮ್ಮ ಕೈಯಲ್ಲಿ ನಿದ್ರಿಸುತ್ತಿವೆಯೇ ಎಂಬುದು ನನ್ನ ಆತಂಕ.

ಪ್ರಮಾಣಪತ್ರಕ್ಕೂ ಕುಲುಮೆಗೂ ನಡುವಿನ ಕಂದಕ ಎಷ್ಟು ಆಳವಾದುದೆಂದು ತಿಳಿಯಲು ಉಕ್ಕಿನ ಚರಿತ್ರೆಯಷ್ಟು ಒಳ್ಳೆಯ ಪಾಠ ಬೇರೊಂದಿಲ್ಲ. 1856ರಲ್ಲಿ ಭಾರತಕ್ಕೆ ಮೊದಲ ಪೇಟೆಂಟ್ ಕಾನೂನು ಬಂತು. ಅದರಡಿ ಮೊದಲ ಅರ್ಜಿ ಸಲ್ಲಿಸಿದವರು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಎಂಬ ಎಂಜಿನಿಯರ್. ಅವರ ಆವಿಷ್ಕಾರ ಪಂಖಾ ಎಳೆಯುವ ಯಂತ್ರ. ಅದೇ ವರ್ಷ ಇಂಗ್ಲೆಂಡಿನಲ್ಲಿ ಹೆನ್ರಿ ಬೆಸೆಮರ್, ಕರಗಿದ ಕಬ್ಬಿಣದೊಳಗೆ ಗಾಳಿ ಊದಿ ಅಗ್ಗದ ಉಕ್ಕು ತಯಾರಿಸುವ ವಿಧಾನವನ್ನು ಪ್ರಕಟಿಸಿದರು. ಆದರೆ ಆ ಉಕ್ಕು ಹಲವೆಡೆ ಪೆಡಸಾಗಿ ಒಡೆಯಿತು. ಮ್ಯಾಂಗನೀಸ್ ಬೆರೆತ ಕಬ್ಬಿಣವನ್ನು ಕೊನೆಯಲ್ಲಿ ಸೇರಿಸಿದರೆ ದೋಷ ನಿವಾರಣೆಯಾಗುತ್ತದೆ ಎಂದು ಕಂಡುಕೊಂಡ ರಾಬರ್ಟ್ ಮುಷೆಟ್ ಅದೇ ವರ್ಷ ಪೇಟೆಂಟ್ ಪಡೆದರು. 1859ರಲ್ಲಿ 50 ಪೌಂಡ್‌ಗಳ ಮುದ್ರಾಂಕ ಶುಲ್ಕವನ್ನು ಕಾಲಕ್ಕೆ ಸರಿಯಾಗಿ ಕಟ್ಟದೆ ಹೋದುದರಿಂದ ಆ ಪೇಟೆಂಟ್ ರದ್ದಾಯಿತು. ಜಗತ್ತು ಅವರ ವಿಧಾನವನ್ನು ಬಿಟ್ಟಿಯಾಗಿ ಬಳಸಿತು. ಮುಂದೆ ಅವರ ಹದಿಹರೆಯದ ಮಗಳು ಒಬ್ಬಳೇ ಲಂಡನ್ನಿಗೆ ಹೋಗಿ ಬೆಸೆಮರ್ ಅವರ ಎದುರು ನಿಂತು ಕೇಳಿದ ಮೇಲೆ ಅವರು ಮುಷೆಟ್‌ಗೆ ವರ್ಷಕ್ಕೆ 300 ಪೌಂಡ್‌ಗಳ ಜೀವನಾಂಶ ಗೊತ್ತುಮಾಡಿದರು. ಹಕ್ಕು ಶುಲ್ಕದ ಪಾಲಾಯಿತು, ಉಳಿದದ್ದು ದಾನ.

ಇದಕ್ಕಿಂತ ನನಗೆ ಆಪ್ತವಾದ ಕಥೆ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಅವರದು. ಅವರು ಲಂಡನ್ನಿನ ಪೊಲೀಸ್ ನ್ಯಾಯಾಲಯವೊಂದರ ಗುಮಾಸ್ತ. ಹಗಲು ಕಕ್ಷಿದಾರರ ದಂಡ, ಜಾಮೀನು ಬರೆದುಕೊಂಡು ಸಂಜೆ ರಸಾಯನಶಾಸ್ತ್ರದ ಉಪನ್ಯಾಸಗಳಿಗೆ ಹೋಗುತ್ತಿದ್ದರು. ಬೆಸೆಮರ್ ವಿಧಾನದಲ್ಲಿ ಅದಿರಿನ ರಂಜಕವು ಉಕ್ಕಿನಲ್ಲೇ ಉಳಿಯುತ್ತಿತ್ತು. ಹಾಗೆ ಉಳಿದರೆ ಉಕ್ಕು ಚಳಿಯಲ್ಲಿ ಗಾಜಿನಂತೆ ಬಿರಿಯುತ್ತಿತ್ತು. ಯೂರೋಪಿನ ಬಹುತೇಕ ಅದಿರಿನಲ್ಲಿ ರಂಜಕ ಹೆಚ್ಚು. ಕಾರಣ ಕುಲುಮೆಯ ಒಳಪದರ ಎಂದು ಥಾಮಸ್ ಗುರುತಿಸಿದರು. ಸಿಲಿಕಾದಿಂದಾದ ಆ ಪದರ ಆಮ್ಲೀಯ ಗುಣದ್ದು. ಅದಿರುವವರೆಗೆ ರಂಜಕವನ್ನು ಹಿಡಿದಿಡಬಲ್ಲ ಸುಣ್ಣವನ್ನು ಕುಲುಮೆಗೆ ಹಾಕುವಂತಿರಲಿಲ್ಲ, ಸುಣ್ಣ ಪದರವನ್ನೇ ತಿಂದುಬಿಡುತ್ತಿತ್ತು. ಅದರ ಬದಲು ಡಾಲೊಮೈಟ್‌ನಂತಹ ಸುಣ್ಣದ ಗುಣವುಳ್ಳ ಕಲ್ಲಿನ ಪದರ ಹಾಕಿ, ಕರಗಿದ ಕಬ್ಬಿಣಕ್ಕೆ ಸುಣ್ಣ ಸೇರಿಸಿದರೆ ರಂಜಕವು ಕಿಟ್ಟದೊಂದಿಗೆ ಹೊರಬೀಳುತ್ತದೆ. 1877ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆಯಲು ಮುಂದಾದರು. 1878ರಲ್ಲಿ ಕಬ್ಬಿಣ ಮತ್ತು ಉಕ್ಕು ತಜ್ಞರ ಸಭೆಯಲ್ಲಿ ಎದ್ದುನಿಂತು ಹೇಳಿದಾಗ ಆ ಯುವಕನ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಅವರನ್ನು ಉಳಿಸಿದ್ದು ಪೇಟೆಂಟ್ ಪತ್ರವಲ್ಲ. ವೇಲ್ಸ್‌ನ ಬ್ಲೇನಾವನ್ ಕಾರ್ಖಾನೆಯಲ್ಲಿ ರಸಾಯನಜ್ಞನಾಗಿದ್ದ ಸೋದರ ಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟ್ ಪ್ರಯೋಗಗಳನ್ನು ನಡೆಸಿದರು. ಅಲ್ಲಿನ ವ್ಯವಸ್ಥಾಪಕ ಎಡ್ವರ್ಡ್ ಮಾರ್ಟಿನ್, ಸೋತರೂ ಸೋಲಲಿ ಎಂದು ಅದಕ್ಕೆ ಅನುಕೂಲ ಒದಗಿಸಿದರು. ಬಳಿಕ ಮಿಡಲ್ಸ್‌ಬರೋದ ವಿಂಡ್ಸರ್ ರಿಚರ್ಡ್ಸ್ ತಮ್ಮ ಕಾರ್ಖಾನೆಯ ಕುಲುಮೆಯನ್ನು ಅವರಿಗೆ ಬಿಟ್ಟುಕೊಟ್ಟರು. 1879ರ ಏಪ್ರಿಲ್‌ನಲ್ಲಿ ಅಲ್ಲಿ ನಡೆದ ಪ್ರದರ್ಶನದ ನಂತರ ಯೂರೋಪಿನ ಉಕ್ಕಿನ ಧಣಿಗಳು ಥಾಮಸ್‌ರ ಮನೆಬಾಗಿಲಿಗೆ ಬಂದರು. ತ್ಯಾಜ್ಯವೆನಿಸಿದ್ದ ಕಿಟ್ಟವೂ ಹೊಲಗಳಿಗೆ ಗೊಬ್ಬರವಾಯಿತು. ಥಾಮಸ್ 1885ರಲ್ಲಿ, 34ನೇ ವಯಸ್ಸಿನಲ್ಲಿ ತೀರಿಕೊಂಡರು. ಗುಮಾಸ್ತನೊಬ್ಬನ ಯೋಚನೆ ಜಗತ್ತಿನ ಉಕ್ಕಾಗಲು ಬೇಕಾದದ್ದು ಇಷ್ಟು: ಪ್ರಯೋಗಕ್ಕೊಂದು ಕುಲುಮೆ, ಅದರ ಬೀಗದ ಕೈ ಇಟ್ಟುಕೊಂಡವನಲ್ಲಿ ಸ್ವಲ್ಪ ಔದಾರ್ಯ.

ಸರ್ಕಾರವೇ ಪೇಟೆಂಟ್‌ನ ಒಡೆಯನಾದರೆ ಏನಾಗುತ್ತದೆ? ಅದಕ್ಕೂ ಹಳೆಯ ನಿದರ್ಶನವಿದೆ. ಕಬ್ಬಿಣವನ್ನು ಶುದ್ಧಗೊಳಿಸಿ ಪಟ್ಟಿಗಳಾಗಿ ಹಾಯಿಸುವ ವಿಧಾನಗಳಿಗೆ 1783 ಮತ್ತು 1784ರಲ್ಲಿ ಪೇಟೆಂಟ್ ಪಡೆದಿದ್ದ ಹೆನ್ರಿ ಕಾರ್ಟ್ ಅವರ ವ್ಯಾಪಾರಕ್ಕೆ ಪಾಲುದಾರನ ತಂದೆಯಿಂದ ಬಂದ ಹಣ, ನೌಕಾಪಡೆಯ ಖಜಾನೆಯದೆಂದು ಆತ 1789ರಲ್ಲಿ ತೀರಿಕೊಂಡಾಗ ಬಯಲಾಯಿತು. ಸರ್ಕಾರ ಬಾಕಿಗಾಗಿ ಪೇಟೆಂಟ್‌ಗಳನ್ನು ವಶಪಡಿಸಿಕೊಂಡಿತು. ಆಮೇಲೆ ಆ ರಾಯಲ್ಟಿಯನ್ನು ವಸೂಲು ಮಾಡುವ ಗೋಜಿಗೇ ಹೋಗಲಿಲ್ಲ. ಕಾರ್ಟ್ ದಿವಾಳಿಯಾದರು, ಖಜಾನೆಗೂ ಲಾಭ ಸೇರಲಿಲ್ಲ. ಕಡತ ಮಾತ್ರ ಭದ್ರವಾಗಿತ್ತು.

ಇವು ದೂರದ ಕಥೆಗಳೆಂದು ಯಾರಾದರೂ ಹೇಳಬಹುದು. ಹಾಗೆನ್ನಲು ನನಗೆ ಧೈರ್ಯವಿಲ್ಲ. 1990ರ ದಶಕದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಯೊಂದರಲ್ಲಿ ಸಣ್ಣ ಕೈಗಾರಿಕೆಗಳ ಹೊಣೆ ನನ್ನ ಮೇಲಿತ್ತು. ಫೌಂಡ್ರಿಯೊಂದರಲ್ಲಿ ಮೇಸ್ತ್ರಿಯಾಗಿದ್ದು, ಮುಂದೆ ತಾನೇ ಸಣ್ಣದೊಂದು ಎರಕದ ಘಟಕ ಹಾಕಿಕೊಂಡಿದ್ದ ವ್ಯಕ್ತಿಯೊಬ್ಬರು ಒಂದು ಯಂತ್ರ ಕಟ್ಟಿದ್ದರು. ಅಚ್ಚಿಗೆ ಬಳಸಿದ ಮರಳನ್ನು ಒಮ್ಮೆ ಎರಕವಾದ ಮೇಲೆ ಹೊರಗೆ ಸುರಿಯುವುದು ವಾಡಿಕೆ. ಇವರ ಯಂತ್ರ ಆ ಮರಳಿಗಂಟಿದ ಸುಟ್ಟ ಅಂಟನ್ನು ಉಜ್ಜಿ ಬಿಡಿಸಿ, ಮತ್ತೆ ಅಚ್ಚಿಗೆ ಬರುವಂತೆ ಮಾಡುತ್ತಿತ್ತು. ನಾನು ಮೆಚ್ಚಿದೆ. ಜಿಲ್ಲಾ ವಸ್ತುಪ್ರದರ್ಶನದಲ್ಲಿ ಮಳಿಗೆ ಕೊಡಿಸಿದೆ. ಸ್ಮರಣ ಸಂಚಿಕೆಯಲ್ಲಿ ಯಂತ್ರದ ನಕ್ಷೆಯನ್ನೂ ವಿವರಣೆಯನ್ನೂ ಅಚ್ಚು ಹಾಕಿಸಿದೆ. ಮುಂದಿನ ವರ್ಷ, ಪೇಟೆಂಟ್‌ಗೆ ಅರ್ಜಿ ಹಾಕಿ ಎಂದು ಸಲಹೆ ಮಾಡಿದವನೂ ನಾನೇ.

ಅರ್ಜಿ ನಿಲ್ಲಲಿಲ್ಲ. ಅರ್ಜಿಗಿಂತ ಮೊದಲೇ ಪ್ರಕಟವಾದ ಆವಿಷ್ಕಾರಕ್ಕೆ ನವೀನತೆ ಇಲ್ಲವೆಂಬುದು ಕಾನೂನು. ಪ್ರದರ್ಶನಕ್ಕೆ ವಿನಾಯಿತಿಯುಂಟು; ಆದರೆ ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಮಾತ್ರ. ನಮ್ಮ ಜಿಲ್ಲೆಯ ಪ್ರದರ್ಶನಕ್ಕೆ ಅಂಥ ಅಧಿಸೂಚನೆ ಎಲ್ಲಿಂದ ಬರಬೇಕು? ಅವರ ನವೀನತೆಯನ್ನು ಕಳೆದ ದಾಖಲೆ ನಾನು ಹೆಮ್ಮೆಯಿಂದ ಅಚ್ಚು ಹಾಕಿಸಿದ ಸಂಚಿಕೆಯೇ ಆಗಿತ್ತು. ಸುದ್ದಿ ತಿಳಿಸಲು ಬಂದ ಅವರು ಸಿಟ್ಟಾಗಲಿಲ್ಲ. "ನೀವು ಹೇಳಿದ್ರಿ ಅಂತ ತೋರಿಸಿದ್ನಿ, ಸಾಹೇಬ್ರ" ಎಂದಷ್ಟೇ ಹೇಳಿ ಚಹಾ ಕುಡಿದು ಹೋದರು. ಆ ವರ್ಷದ ನನ್ನ ಪ್ರಗತಿ ವರದಿಯಲ್ಲಿ ಪ್ರದರ್ಶನದ ಯಶಸ್ಸು ದಾಖಲಾಗಿತ್ತು. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದಿದ್ದ ನನಗೆ ಪೇಟೆಂಟ್ ಕಾಯ್ದೆಯ 31ನೇ ಕಲಮು ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಯಾರೂ ನಿರೀಕ್ಷಿಸಿಯೂ ಇರಲಿಲ್ಲ.

ಒಂದೆಡೆ ಬಳಕೆಯಲ್ಲಿರುವ ಆವಿಷ್ಕಾರಕ್ಕೆ ಪೇಟೆಂಟ್ ಸಿಗುವುದಿಲ್ಲ; ಇನ್ನೊಂದೆಡೆ ಪೇಟೆಂಟ್ ಇದ್ದರೂ ಬಳಕೆ ಇರುವುದಿಲ್ಲ. ಇಂದು ಕಾಲೇಜು, ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಶ್ರೇಯಾಂಕದಲ್ಲಿ ಪೇಟೆಂಟ್‌ಗಳ ಸಂಖ್ಯೆಗೆ ಅಂಕಗಳಿವೆ. ಕೇವಲ ಪ್ರಕಟವಾದ ಅರ್ಜಿಗೂ ಅಲ್ಲಿ ಲೆಕ್ಕವುಂಟು. 2021ರಿಂದ ಶಿಕ್ಷಣ ಸಂಸ್ಥೆಗಳಿಗೂ ಶುಲ್ಕದಲ್ಲಿ ಶೇ 80ರ ರಿಯಾಯಿತಿ ದೊರೆತಿದೆ. ರಿಯಾಯಿತಿ ತಪ್ಪಲ್ಲ, ಅದಿದ್ದಿದ್ದರೆ ಮುಷೆಟ್ ಉಳಿಯುತ್ತಿದ್ದರೇನೋ. ಆದರೆ ಅಂಕಕ್ಕಾಗಿ ಅರ್ಜಿ ಹಾಕುವ ಸಂಸ್ಥೆಗೆ ಕುಲುಮೆಯ ಚಿಂತೆ ಏಕಿರಬೇಕು? ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನ ಮಹಾನಿರ್ದೇಶಕರೇ ತಮ್ಮ ಸಂಸ್ಥೆಯ ಬಹುಪಾಲು ಪೇಟೆಂಟ್‌ಗಳು ವಿಜ್ಞಾನಿಗಳ ಬಯೋಡೇಟಾಕ್ಕಾಗಿ ಮಾಡಿಸಿದವು ಎಂದು ಒಪ್ಪಿಕೊಂಡದ್ದು 2017ರಲ್ಲಿ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ನಮ್ಮಿಂದ ಆಗದ ಕೆಲಸವೇನೂ ಇದಲ್ಲ. ದುರ್ಗಾಪುರದ ಕೇಂದ್ರೀಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು 1960ರ ದಶಕದಲ್ಲಿ ಸ್ವದೇಶಿ ಟ್ರ್ಯಾಕ್ಟರೊಂದನ್ನು ರೂಪಿಸಿತು. ಅದನ್ನು ಕೈಗೆತ್ತಿಕೊಂಡದ್ದು ಪಂಜಾಬ್ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ. ಅದಕ್ಕಾಗಿಯೇ ಪಂಜಾಬ್ ಟ್ರ್ಯಾಕ್ಟರ್ಸ್ ಕಂಪನಿ ಹುಟ್ಟಿತು. 1974ರಲ್ಲಿ 'ಸ್ವರಾಜ್' ಹೊಲಕ್ಕಿಳಿಯಿತು. ನಕ್ಷೆಗೂ ಹೊಲಕ್ಕೂ ನಡುವೆ ನಿಂತು ನಷ್ಟದ ಭಯವನ್ನು ಹೊತ್ತವರು ಒಂದು ರಾಜ್ಯದ ಅಧಿಕಾರಿಗಳು ಎಂಬುದನ್ನು ನಾವು ಮರೆಯಬಾರದು.

ನಮೂನೆ 27ರ ವಿಷಯದಲ್ಲಿ ಉದ್ಯಮಿಗಳ ಆಕ್ಷೇಪದಲ್ಲೂ ಹುರುಳಿದೆ. ಒಂದೇ ಯಂತ್ರದಲ್ಲಿ ನೂರಾರು ಪೇಟೆಂಟ್‌ಗಳು ಅಡಕವಾಗಿರುವಾಗ ಪ್ರತಿಯೊಂದರ ವಹಿವಾಟನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಎಷ್ಟೋ ವರ್ಷ ಅದನ್ನು ಭರ್ತಿ ಮಾಡಿದ್ದೇ ಶಾಸ್ತ್ರಕ್ಕೆ. ಖಾಸಗಿಯವರಿಗೆ ಮೂರು ವರ್ಷದ ಅವಧಿ ಇರಲಿ. ಆದರೆ ಸಾರ್ವಜನಿಕ ಹಣದಿಂದ ಪಡೆದ ಪೇಟೆಂಟ್‌ಗಳ ಬಗ್ಗೆ ಪ್ರತಿವರ್ಷ ಉತ್ತರ ಬರಬೇಕು, ಬಳಕೆಯಾಗದಿದ್ದರೆ ಕಾರಣವನ್ನೂ ಹೇಳಬೇಕು. ಆ ಪಟ್ಟಿಯನ್ನು ಫೌಂಡ್ರಿಯ ಮಾಲೀಕನೂ ಓದಿ, ಇದು ನನಗೆ ಬೇಕು ಎಂದು ಕೇಳುವಂತಿರಬೇಕು. ಶ್ರೇಯಾಂಕದ ಅಂಕಗಳು ಅರ್ಜಿಗಲ್ಲ, ಬಳಕೆಗೆ ದೊರೆಯಲಿ. ಅಮೆರಿಕ ಮತ್ತು ಜಪಾನ್‌ಗಳಲ್ಲಿ ಆವಿಷ್ಕಾರಕನು ತಾನೇ ಪ್ರಕಟಿಸಿದರೂ ಅರ್ಜಿ ಸಲ್ಲಿಸಲು ಒಂದು ವರ್ಷದ ಅವಕಾಶವಿದೆ. ನಮ್ಮ ಸಣ್ಣ ಆವಿಷ್ಕಾರಕರಿಗೂ ಅದನ್ನು ಕೊಡುವುದರಿಂದ ಯಾರ ಗಂಟೂ ಹೋಗದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಯೋಗಕ್ಕೆ ತಗಲುವ ನಷ್ಟದಲ್ಲಿ ರಾಜ್ಯ ಸರ್ಕಾರ ಪಾಲು ಹೊರಬೇಕು. 1918ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದ ಮೈಸೂರು ಸಂಸ್ಥಾನಕ್ಕೆ ಈ ಮಾತು ಹೊಸದಾಗಿರಲಿಲ್ಲ.

ಇದರ ಅಗತ್ಯವನ್ನು ಕಾಣಲು ದೂರ ಹೋಗಬೇಕಿಲ್ಲ. ಬಳ್ಳಾರಿ ಸೀಮೆಯಲ್ಲಿ ತಯಾರಾಗುವಂತಹ ಸ್ಪಾಂಜ್ ಐರನ್ ಅನ್ನು ಕರಗಿಸುವ ನಮ್ಮ ದೇಶದ ಸಣ್ಣ ಇಂಡಕ್ಷನ್ ಕುಲುಮೆಗಳ ಒಳಪದರ ಇಂದಿಗೂ ಸಾಮಾನ್ಯವಾಗಿ ಸಿಲಿಕಾದ್ದೇ. ಹೀಗಾಗಿ ಅಲ್ಲಿ ರಂಜಕವನ್ನು ತೆಗೆಯುವುದು ಇಂದಿಗೂ ಕಷ್ಟ. ಮನೆ ಕಟ್ಟುವ ಸರಳುಗಳು ಇಂಥ ಕುಲುಮೆಗಳಿಂದಲೂ ಬರುತ್ತವೆ. ಒಂದೂವರೆ ಶತಮಾನದ ಹಿಂದೆ ಲಂಡನ್ನಿನ ಗುಮಾಸ್ತನೊಬ್ಬ ಬಿಡಿಸಿದ ಒಗಟು ಬೇರೊಂದು ರೂಪದಲ್ಲಿ ನಮ್ಮ ಮುಂದಿದೆ. ಅದನ್ನು ಬಿಡಿಸಬಲ್ಲವನು ಯಾವುದೋ ಕುಲುಮೆಯ ಬಳಿ ಬೆವರೊರೆಸಿಕೊಳ್ಳುತ್ತಿರಬಹುದು. ನಾಳೆ ಅವನು ಸರ್ಕಾರಿ ಕಚೇರಿಯೊಂದರ ಬಾಗಿಲಿಗೆ ಬಂದಾಗ, ಮೇಜಿನ ಈಚೆ ಕುಳಿತಿರುವ ಅಧಿಕಾರಿಗೆ ನನಗಿಂತ ಹೆಚ್ಚು ತಿಳಿದಿರಲಿ ಎಂಬುದೇ ನನ್ನ ಹಾರೈಕೆ.