ಸಿಸ್ಟರ್ ಕಾಲಿಗೂ ಒಂದು ಪಾಠ ಬೇಕು, ಕೂರೋಕೆ ಒಂದು ಸ್ಟೂಲೂ ಬೇಕು

ಸಕ್ಕರೆ ಕಾಯಿಲೆ ಇದ್ದವರಿಗೆ "ದಿನಾ ಅಂಗಾಲು ನೋಡ್ಕೊಳ್ಳಿ, ಗಾಯ ಆಗಿದ್ರೆ ಬೇಗ ಬನ್ನಿ" ಅಂತ ಹೇಳುವವರು ಯಾರು? ನಮ್ಮ ಸಿಸ್ಟರ್. ಕಲಬುರಗಿ, ಯಾದಗಿರಿ ಕಡೆ ಆನೆಕಾಲು ರೋಗ ಬಂದವರಿಗೆ ಕಾಲು ಹೇಗೆ ತೊಳೆಯಬೇಕು, ಬೆರಳ ಸಂದಿ ಹೇಗೆ ಒರೆಸಬೇಕು ಅಂತ ತೋರಿಸಿಕೊಡುವುದು ಆರೋಗ್ಯ ಸಿಬ್ಬಂದಿಯೇ. ಕುಷ್ಠರೋಗದಿಂದ ಪಾದ ಜೋಮು ಹಿಡಿದವರಿಗೆ ನೀರಲ್ಲಿ ನೆನೆಸಿ, ಒರಟು ಚರ್ಮ ಉಜ್ಜಿ, ಎಣ್ಣೆ ಹಚ್ಚುವುದನ್ನು ಕಲಿಸುವುದೂ ಅವರೇ. ಊರಿನ ಕಾಲೆಲ್ಲ ನೋಡುವ ಇವರ ಕಾಲು ಹೇಗಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಲೆಕ್ಕ ನೋಡಿ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000ಕ್ಕೆ ಒಂದು. ಇದು ಸರ್ಕಾರದ್ದೇ ಅಳತೆ. ಲಸಿಕೆ, ಬಾಣಂತಿ ಭೇಟಿ, ಸರ್ವೆ ಅಂತ ಮನೆಮನೆ ತಿರುಗಬೇಕು. ಪ್ರತಿ ಹೊಸ್ತಿಲಲ್ಲೂ ಚಪ್ಪಲಿ ಬಿಚ್ಚಬೇಕು, ಮತ್ತೆ ಹಾಕಬೇಕು. ಆಸ್ಪತ್ರೆಯ ನರ್ಸ್ ಪಾಡು ಬೇರೆ ಥರ: ಸಿಮೆಂಟು, ಟೈಲ್ಸ್ ನೆಲದ ಮೇಲೆ ಇಡೀ ಶಿಫ್ಟ್ ನಿಂತೇ ಇರಬೇಕು. ಹೆರಿಗೆ ಕೋಣೆಗೆ ಹೋಗುವಾಗ ಸ್ವಂತ ಚಪ್ಪಲಿ ಹೊರಗೆ, ಎಲ್ಲರೂ ಹಾಕಿ ಬಿಟ್ಟ ಒದ್ದೆ ರಬ್ಬರ್ ಚಪ್ಪಲಿ ಕಾಲಿಗೆ. ಹಿಮ್ಮಡಿ ನೋವು, ಆಣಿ, ಬೆರಳ ಸಂದಿಯ ಫಂಗಸ್, ಉಬ್ಬಿದ ನರ, ಸಂಜೆಗೆ ಊದುವ ಪಾದ, ಇವೆಲ್ಲ ಈ ಕೆಲಸದ ಜೊತೆಗೇ ಬರುತ್ತವೆ. "ವಯಸ್ಸಾಯ್ತು ಬಿಡಿ" ಅಂತ ನಕ್ಕು ಸುಮ್ಮನಾಗುತ್ತಾರೆ.

ಇನ್ನು ಅವರ ಕೈಲಿರುವ ಫೋನಿನ ಮಾತು. ಕ್ಷಯರೋಗಿಯ ವಿವರ ನಿಕ್ಷಯ್‌ಗೆ, ಲಸಿಕೆ ಯು-ವಿನ್‌ಗೆ, ಗರ್ಭಿಣಿಯರ ದಾಖಲೆ ಆರ್‌ಸಿಎಚ್ ಪೋರ್ಟಲ್‌ಗೆ. ಬೆಳಗಿನಿಂದ ಸಂಜೆವರೆಗೂ ಆ ಫೋನು ಬೇಡುತ್ತಲೇ ಇರುತ್ತದೆ. ಅವರ ಮೈಗೆ, ಅವರ ಕಾಲಿಗೆ ಅಂತ ಅದರಲ್ಲಿ ಏನು ಬರುತ್ತದೆ?

ಫೋನಲ್ಲಿ ಪಾಠ ಮಾಡೋದು ಕಷ್ಟ ಅಂತ ಮಾತ್ರ ಯಾರೂ ಹೇಳಬೇಡಿ. 2020ರಲ್ಲಿ ಕೋವಿಡ್ ಬಂದಾಗ ಕೇಂದ್ರ ಸರ್ಕಾರ ದೀಕ್ಷಾ ವೇದಿಕೆಯಲ್ಲಿ ಐಗಾಟ್ ಹೆಸರಿನಲ್ಲಿ ಆರೋಗ್ಯ ಸಿಬ್ಬಂದಿಗೆ ಆನ್‌ಲೈನ್ ಪಾಠ ಶುರು ಮಾಡಿತು. ಮನಸ್ಸು ಮಾಡಿದಾಗ ದಾರಿ ಸಿಕ್ಕಿತು. ಫಿನ್‌ಲ್ಯಾಂಡಿನ ಟುರ್ಕು ವಿಶ್ವವಿದ್ಯಾಲಯದವರು ನರ್ಸ್‌ಗಳ ಪಾದದ ಆರೋಗ್ಯವನ್ನೇ ಸಂಶೋಧನೆಯ ವಿಷಯ ಮಾಡಿಕೊಂಡಿದ್ದಾರೆ. ನಮಗೆ ಅದು ವಿಷಯವೇ ಅಲ್ಲ ಅನಿಸಿರುವುದು ಯಾಕೆ?

ಪಾಠ ಐದೈದು ನಿಮಿಷದ್ದಿರಲಿ, ಕನ್ನಡದಲ್ಲಿರಲಿ, ಒಮ್ಮೆ ಡೌನ್‌ಲೋಡ್ ಮಾಡಿದರೆ ನೆಟ್‌ವರ್ಕ್ ಇಲ್ಲದ ಊರಲ್ಲೂ ಓಡಲಿ. ಅದರಲ್ಲಿ ಇರಬೇಕಾದದ್ದು ಸಣ್ಣ ಸಣ್ಣ ಸಂಗತಿಗಳೇ. ರಾತ್ರಿ ಪಾದ ತೊಳೆದು ಬೆರಳ ಸಂದಿ ಪೂರ್ತಿ ಒರೆಸಿ. ಒಡೆದ ಹಿಮ್ಮಡಿಗೆ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ, ಬೆರಳ ಸಂದಿಗೆ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಚಪ್ಪಲಿ, ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ ಮೀನಖಂಡ, ಅಂಗಾಲು ಎಳೆಯುವ ವ್ಯಾಯಾಮ ಮಾಡಿ. ವಾರಗಟ್ಟಲೆ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಸಿಸ್ಟರ್‌ಗೆ ಇದರಲ್ಲಿ ಅರ್ಧ ಗೊತ್ತಿದೆ, ಬೇರೆಯವರಿಗೆ ಹೇಳಿ ಹೇಳಿ ಬಾಯಿಪಾಠವಾಗಿದೆ. ತನ್ನ ಕಾಲಿಗೂ ಅದು ಅನ್ವಯಿಸುತ್ತದೆ ಅಂತ ನೆನಪಿಸುವವರು ಬೇಕು.

ಆದರೆ ಒಂದು ಮೋಸ ನಡೆಯಬಾರದು. ವಿಡಿಯೊ ಕಳಿಸಿ, ಸರ್ಟಿಫಿಕೇಟ್ ಕೊಟ್ಟು, "ಹೇಳಿಕೊಟ್ಟಿದ್ದೇವಲ್ಲ, ಇನ್ನು ಕಾಲು ನೋವಾದರೆ ನಿಮ್ಮದೇ ತಪ್ಪು" ಅನ್ನುವುದು. ರಾತ್ರಿ ಹತ್ತಕ್ಕೆ, ಮನೆ ಕೆಲಸ ಮುಗಿದ ಮೇಲೆ, ಸ್ವಂತ ಡೇಟಾ ಖರ್ಚು ಮಾಡಿ ನೋಡುವ ಪಾಠ ಇನ್ನೊಂದು ಹೊರೆ. ಪಾಠ ಡ್ಯೂಟಿ ವೇಳೆಯಲ್ಲೇ ನಡೆಯಲಿ. ಪಾಠದ ಜೊತೆ ವಾರ್ಡಿನಲ್ಲಿ ಒಂದು ಸ್ಟೂಲು, ಹೆರಿಗೆ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜೊತೆ ಒಣಗಿದ ಚಪ್ಪಲಿ, ಶಿಫ್ಟಿನ ಮಧ್ಯೆ ಹತ್ತು ನಿಮಿಷ ಕೂರುವ ಅವಕಾಶ ಬರಲಿ.

ಕೂರುವುದು ಸೋಮಾರಿತನ ಅನ್ನುವವರಿಗೆ ಒಂದು ಮಾತು. ನಿಂತು ದುಡಿಯುವ ಕಾರ್ಮಿಕರಿಗೆ ಅವಕಾಶ ಸಿಕ್ಕಾಗ ಕೂರಲು ಆಸನ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ಅಂಗಡಿ ಕೆಲಸಗಾರರು ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ಸೀರೆ ಅಂಗಡಿಯ ಹುಡುಗಿಗೆ ಸಿಕ್ಕ ನ್ಯಾಯ ಸೂಜಿ ಹಾಕುವ ಸಿಸ್ಟರ್‌ಗೆ ಯಾಕೆ ಬೇಡ?

"ರೋಗಿ ಮೊದಲು" ಅನ್ನುವ ಮಾತನ್ನು ಒಪ್ಪೋಣ. ಆದರೆ ಕಾಲು ಸೋತ ನರ್ಸ್ ರಾತ್ರಿ ಎರಡಕ್ಕೆ ನಮ್ಮ ಮನೆ ಬಾಣಂತಿಯ ಹತ್ತಿರ ಓಡಿ ಬರುವುದು ಹೇಗೆ?

ಇಲಾಖೆಯ ಸುತ್ತೋಲೆ ಬರುವವರೆಗೂ ಕಾಯಬೇಕಿಲ್ಲ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಸದಸ್ಯರು ಯಾರು ಅಂತ ಕೇಳಿ. ಮುಂದಿನ ಸಭೆಯಲ್ಲಿ ಸ್ಟೂಲು, ಚಪ್ಪಲಿ ವಿಷಯ ಇಡಿಸಿ. ಇನ್ನು ಸಿಸ್ಟರ್ ಮನೆಗೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಬೇಡಿ. ಮೊದಲು ಕುರ್ಚಿ ಹಾಕಿ.