ಬಿಡಾರ ಒಂದೇ ಇರಲಿ

ರಬಕವಿಯ ಭಕ್ತರೊಬ್ಬರು ಮೂರು ದಿನಗಳ ಕಾರುಪ್ರವಾಸಕ್ಕೆ ಬಿಡಾರವನ್ನು ಎಲ್ಲಿ ಹೂಡಬೇಕೆಂದು ಕೇಳಿದ್ದಾರೆ. ಬಾದಾಮಿಯೇ ಲೇಸು. ಅಲ್ಲಿಂದ ಬನಶಂಕರಿ 5 ಕಿ.ಮೀ., ಪಟ್ಟದಕಲ್ಲು ಸುಮಾರು 22 ಕಿ.ಮೀ.; ಅದರಾಚೆ ಐಹೊಳೆ. ಮಹಾಕೂಟವೂ, 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಸ್ಥಾಪಿಸಿದ ಶಿವಯೋಗಮಂದಿರವೂ ಸಮೀಪದಲ್ಲಿವೆ. ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು.

ಹಿಂದೊಮ್ಮೆ ನಾವು ದಿನಕ್ಕೊಂದು ಊರಿನಲ್ಲಿ ತಂಗಿದೆವು. ಗಂಟು ಕಟ್ಟಿ ಬಿಚ್ಚುವುದರಲ್ಲೇ ದಣಿದ ನಮ್ಮ ತಾಯಿಯವರು ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಮೆಟ್ಟಿಲಿಳಿಯಲಾರದೆ ಮೇಲಿನಿಂದಲೇ ಕೈಮುಗಿದರು. ಮತ್ತೆ ಅಲ್ಲಿಗೆ ಹೋಗುವ ಯೋಗ ಅವರಿಗೆ ಒದಗಲಿಲ್ಲ.

ಆದ್ದರಿಂದ ಎರಡು ರಾತ್ರಿ ಬಾದಾಮಿಯಲ್ಲೇ ಇರಿ. ಸಂಗಮ ತುಸು ದೂರ. ಮೂರನೆಯ ದಿನ ನಸುಕಿನಲ್ಲೇ ಹೊರಟು, ಹಿರಿಯರ ಕಾಲಲ್ಲಿ ಕಸುವಿರುವಾಗ ದರ್ಶನ ಮಾಡಿಸಿ ಊರಿಗೆ ಮರಳಿ. ಕಂಡ ಸ್ಥಳಗಳ ಲೆಕ್ಕಕ್ಕಿಂತ ಅವರ ತೃಪ್ತಿಯೇ ಯಾತ್ರೆಯ ಫಲ.